ಕೊನೆಗೆ ಸತ್ತರೆ ಪಾಸ್, ಬದುಕಿದರೆ ಬ್ಯಾನ್?

ಹಾಳೆ ಮಡಚುವವಳು:

ಎಲ್ಲರಿಗೂ ನಮಸ್ಕಾರ. ಹಳೇ ಪುಸ್ತಕದ ರಾಶಿಯಲ್ಲಿ ಒಂದು ಕಾದಂಬರಿ ಸಿಕ್ಕಿತು. ಯಾವುದೋ ಕಾಲದಲ್ಲಿ ಲೈಬ್ರರಿಯಲ್ಲಿ ಇದ್ದದ್ದು. ಮುಂದೆ ಸೀಲು, ಹಿಂದೆ ತಾರೀಖು ಒತ್ತಿದ ಚೀಟಿ. ಓದುತ್ತಾ ಹೋದೆ. 113ನೇ ಪುಟ ಆದ ಮೇಲೆ ಸೀದಾ 118! ಹರಿದಿರಬೇಕು ಅಂದುಕೊಂಡೆ, ಹರಿದಿರಲಿಲ್ಲ. ಮೂರು ಹಾಳೆಗಳನ್ನು ಅಂಚಿನ ಉದ್ದಕ್ಕೂ ಗೋಂದು ಹಚ್ಚಿ ಅಂಟಿಸಿದ್ದರು. ನಡುವಿನ ನಾಲ್ಕು ಪುಟ ಒಳಗೇ ಸಿಕ್ಕಿಕೊಂಡಿದ್ದವು.

ಕುದಿಯುವ ನೀರಿನ ಆವಿಗೆ ಹಿಡಿದು, ಅರ್ಧ ಗಂಟೆ ಒದ್ದಾಡಿ, ಒಂದು ಜೋಡಿ ಬಿಡಿಸಿದೆ. ಸುಳ್ಳು ಯಾಕೆ ಹೇಳಲಿ, ಏನೋ ಬಿಸಿಬಿಸಿ ಇರುತ್ತದೆ ಅಂತಲೇ ಕೈ ಹಾಕಿದ್ದು. ಅಲ್ಲಿದ್ದದ್ದು ಇಷ್ಟೇ. ಮಾನಸಿಕ ಆಸ್ಪತ್ರೆಯಲ್ಲಿರುವ ಹೆಂಗಸು ಡಾಕ್ಟರ ಹತ್ತಿರ ಮಾತಾಡುತ್ತಿದ್ದಾಳೆ. "ನಿದ್ದೆ ಬರುತ್ತಿಲ್ಲ, ಅದು ಕಾಯಿಲೆ. ಅವಳು ನೆನಪಾಗುತ್ತಾಳೆ, ಅದು ಕಾಯಿಲೆ ಅಲ್ಲ." ಒಬ್ಬರ ಕೈ ಒಬ್ಬರು ಮುಟ್ಟುವುದೂ ಇಲ್ಲ.

ತಮಾಷೆ ಏನಂದರೆ, ಅದೇ ಪುಸ್ತಕದಲ್ಲಿ 60ನೇ ಪುಟದ ಹತ್ತಿರ ಗಂಡ ಇನ್ನೊಬ್ಬಳ ಕೋಣೆಗೆ ಹೋಗುತ್ತಾನೆ. ಮೂರು ಪುಟ ವಿವರ. ಅದಕ್ಕೆ ಒಂದು ತೊಟ್ಟು ಗೋಂದೂ ಇಲ್ಲ. ಆ ಇನ್ನೊಬ್ಬಳು ಮುಂದೆ ಕಾಯಿಲೆ ಬಿದ್ದು ಸಾಯುತ್ತಾಳೆ.

ಅದಕ್ಕೇ ಕೇಳುತ್ತಿದ್ದೇನೆ. ಮನಸ್ಸಿನ ಕಾಯಿಲೆ, ಲೈಂಗಿಕತೆ ಎರಡೂ ಇರುವ ಕಾದಂಬರಿಗಳ ಮೇಲೆ ಯಾಕೆ ಇಷ್ಟು ಕಣ್ಣು? ಅಶ್ಲೀಲ ಅನ್ನುವುದೊಂದೇ ಕಾರಣ ಆಗಿದ್ದರೆ 60ನೇ ಪುಟವನ್ನು ಅಂಟಿಸಬೇಕಿತ್ತು ಅಲ್ವಾ?

ಕಪ್ಪು ಕೋಟು:

ಒಳ್ಳೆ ಪ್ರಶ್ನೆ. ಕಾನೂನಿನ ಕಡೆಯಿಂದ ಒಂದು ಎಳೆ ಕೊಡುತ್ತೇನೆ. 1868ರಲ್ಲಿ ಇಂಗ್ಲೆಂಡಿನಲ್ಲಿ ಹಿಕ್ಲಿನ್ ಅಂತ ಒಂದು ಕೇಸು. ಅದು ಕಾದಂಬರಿಯದ್ದಲ್ಲ, ಚರ್ಚಿನಲ್ಲಿ ಪಾಪನಿವೇದನೆ ಮಾಡುವ ಹೆಂಗಸರಿಗೆ ಕೇಳುವ ಪ್ರಶ್ನೆಗಳ ಬಗ್ಗೆ ಬರೆದ ಒಂದು ಕಿರುಹೊತ್ತಿಗೆಯದ್ದು. ಆ ತೀರ್ಪಿನಲ್ಲಿ ಒಂದು ಅಳತೆಗೋಲು ಬಂತು: ಇಂಥ ಪ್ರಭಾವಕ್ಕೆ ಯಾರ ಮನಸ್ಸು ತೆರೆದುಕೊಂಡಿದೆಯೋ ಅಂಥವರನ್ನು ಈ ಬರಹ ಕೆಡಿಸುತ್ತದೆಯೇ?

ಗಮನಿಸಿ. ಬರಹ ಹೇಗಿದೆ ಅಂತ ಕೇಳುತ್ತಿಲ್ಲ. ಓದುವವರಲ್ಲಿ ಅತಿ ದುರ್ಬಲ ಮನಸ್ಸು ಯಾರದ್ದು, ಅವರಿಗೆ ಏನಾಗುತ್ತದೆ ಅಂತ ಕೇಳುತ್ತಿದೆ. ಅಂದರೆ ಕೋರ್ಟು ಮೊದಲೇ ಒಬ್ಬ ರೋಗಿಯನ್ನು ಕಲ್ಪಿಸಿಕೊಂಡು ಕೂತಿದೆ. ಪುಸ್ತಕ ಅಂದರೆ ಸೋಂಕು. ಇನ್ನು ಪುಸ್ತಕದ ಒಳಗಿರುವ ಪಾತ್ರವೇ ರೋಗಿ ಆಗಿಬಿಟ್ಟರೆ ಕೇಳಬೇಕೇ?

ಈ ಅಳತೆಗೋಲು ನಮ್ಮಲ್ಲಿ ಎಷ್ಟು ದಿನ ಇತ್ತು ಗೊತ್ತೇ? ಮುಂಬೈಯಲ್ಲಿ ರಂಜಿತ್ ಉದೇಶಿ ಅನ್ನುವವರ ಪುಸ್ತಕದಂಗಡಿಗೆ ಪೊಲೀಸರೇ ಒಬ್ಬ ಸುಳ್ಳು ಗಿರಾಕಿಯನ್ನು ಕಳಿಸಿದರು. ಅವನು ಡಿ.ಎಚ್. ಲಾರೆನ್ಸ್ ಅವರ 'ಲೇಡಿ ಚಾಟರ್ಲೀಸ್ ಲವರ್' ಕಾದಂಬರಿ ಕೇಳಿ ಕೊಂಡುಕೊಂಡ. 1964ರಲ್ಲಿ ಸುಪ್ರೀಂ ಕೋರ್ಟು ಇದೇ ಹಿಕ್ಲಿನ್ ಕೋಲು ಹಿಡಿದು ಶಿಕ್ಷೆ ಸರಿ ಅಂದಿತು. ದಂಡ 20 ರೂಪಾಯಿ. ಕೋಲನ್ನು ಕೈಬಿಟ್ಟಿದ್ದು 2014ರಲ್ಲಿ, ಅವೀಕ್ ಸರ್ಕಾರ್ ಕೇಸಿನಲ್ಲಿ. ಅದನ್ನು ಹುಟ್ಟಿಸಿದ ಇಂಗ್ಲೆಂಡು 1959ರಲ್ಲೇ ಹೊಸ ಕಾನೂನು ಮಾಡಿಕೊಂಡಿತ್ತು.

ಹಳೇಪುಸ್ತಕ:

ಮೇಡಂ, ನಿಮ್ಮ ಗೋಂದಿನ ಪುಟಕ್ಕೆ ಹತ್ತಿರದ ಉದಾಹರಣೆ 1928ರದ್ದು. ರ‍್ಯಾಡ್‌ಕ್ಲಿಫ್ ಹಾಲ್ ಬರೆದ 'ದಿ ವೆಲ್ ಆಫ್ ಲೋನ್ಲಿನೆಸ್'. ಇಬ್ಬರು ಹೆಂಗಸರ ಪ್ರೀತಿ. ದಪ್ಪ ಪುಸ್ತಕ. ಅದರಲ್ಲಿ ಅತಿ 'ಬಿಸಿ' ಸಾಲು ಯಾವುದು ಅಂದರೆ, ಆ ರಾತ್ರಿ ಅವರು ಬೇರೆ ಬೇರೆ ಇರಲಿಲ್ಲ ಅನ್ನುವ ಅರ್ಥದ್ದು. ಅಷ್ಟೇ. ಮುಗಿಯಿತು.

ಒಬ್ಬ ಪತ್ರಿಕಾ ಸಂಪಾದಕ, ಆರೋಗ್ಯವಾಗಿರುವ ಹುಡುಗ ಹುಡುಗಿಗೆ ಈ ಕಾದಂಬರಿಗಿಂತ ವಿಷದ ಸೀಸೆ ಕೊಡುವುದೇ ವಾಸಿ ಅಂತ ಬರೆದ. ಲಂಡನ್ನಿನಲ್ಲಿ ಕೇಸು ನಡೆಯಿತು. ವರ್ಜೀನಿಯಾ ವುಲ್ಫ್, ಇ.ಎಂ. ಫಾರ್ಸ್ಟರ್ ಸೇರಿ ಸುಮಾರು 40 ಜನ ಸಾಕ್ಷಿ ಹೇಳಲು ತಯಾರಿದ್ದರು. ಮ್ಯಾಜಿಸ್ಟ್ರೇಟ್ ಒಬ್ಬರನ್ನೂ ಕೇಳಲಿಲ್ಲ. ನವೆಂಬರಿನಲ್ಲಿ ಪ್ರತಿಗಳನ್ನು ನಾಶ ಮಾಡಿ ಅಂತ ಆದೇಶ ಆಯಿತು.

ಮ್ಯಾಜಿಸ್ಟ್ರೇಟರ ಮುಖ್ಯ ತಕರಾರು ಏನು ಗೊತ್ತೇ? ಈ ಹೆಂಗಸರು ತಪ್ಪು ಮಾಡಿದರು ಅಂತ ಪುಸ್ತಕದಲ್ಲಿ ಒಂದು ಮಾತೂ ಇಲ್ಲ ಅನ್ನುವುದು. ಪುಸ್ತಕ ಚೆನ್ನಾಗಿ ಬರೆದಿರುವುದೂ ಅವರ ಕಣ್ಣಿಗೆ ಒಳ್ಳೆಯದಾಗಿ ಕಾಣಲಿಲ್ಲ. ರುಚಿಯಾದ ವಿಷ ಇನ್ನೂ ಅಪಾಯ, ಅಲ್ವಾ!

ಅದೇ ವರ್ಷ ಅಕ್ಟೋಬರಿನಲ್ಲಿ ವುಲ್ಫ್ ಅವರ 'ಒರ್ಲ್ಯಾಂಡೋ' ಬಂತು. ಕಥಾನಾಯಕ ನಿದ್ದೆಯಿಂದ ಎದ್ದಾಗ ಹೆಣ್ಣಾಗಿರುತ್ತಾನೆ. ಯಾರೂ ತಂಟೆಗೆ ಬರಲಿಲ್ಲ. ಅದು ಫ್ಯಾಂಟಸಿ, ನಿಜ ಅಲ್ಲವಲ್ಲ.

ಹಾಳೆ ಮಡಚುವವಳು:

ಅಂದರೆ ಏನು ಮಾಡಿದರು ಅನ್ನುವುದಕ್ಕಿಂತ, ಮಾಡಿದವರು ನಾಚಿಕೆ ಪಟ್ಟರೇ ಇಲ್ಲವೇ ಅನ್ನುವುದು ಲೆಕ್ಕ. ನನ್ನ ಪುಸ್ತಕದ 60ನೇ ಪುಟದವಳು ಸತ್ತು ಲೆಕ್ಕ ಚುಕ್ತಾ ಮಾಡಿದಳು. ಆಸ್ಪತ್ರೆಯವಳು 'ಅದು ಕಾಯಿಲೆ ಅಲ್ಲ' ಅಂದುಬಿಟ್ಟಳು.

ಕಥೆ ಬರೆಯುವ ಹುಚ್ಚು:

ಹೌದು, ಅದಕ್ಕೆ ಸಾಕ್ಷಿ ಬೇಕಾದರೆ ಪ್ರಕಾಶಕರನ್ನು ಕೇಳಿ. 1952ರಲ್ಲಿ ಅಮೆರಿಕದಲ್ಲಿ 'ಸ್ಪ್ರಿಂಗ್ ಫೈರ್' ಅನ್ನುವ ಅಗ್ಗದ ಪೇಪರ್‌ಬ್ಯಾಕ್ ಬಂತು. ಮ್ಯಾರಿಜೇನ್ ಮೀಕರ್ ಬೇರೆ ಹೆಸರಿನಲ್ಲಿ ಬರೆದದ್ದು. ಕಾಲೇಜಿನ ಇಬ್ಬರು ಹುಡುಗಿಯರ ಪ್ರೀತಿ. ಸಂಪಾದಕರು ಮೊದಲೇ ಷರತ್ತು ಹಾಕಿದ್ದರು ಅಂತ ಮೀಕರ್ ಎಷ್ಟೋ ವರ್ಷದ ಮೇಲೆ ಹೇಳಿಕೊಂಡರು. ಸುಖಾಂತ್ಯ ಕೂಡದು. ಯಾಕೆಂದರೆ ಪುಸ್ತಕ ಅಂಚೆಯಲ್ಲಿ ಹೋಗಬೇಕು. ಇಂಥ ಬದುಕು ಚೆನ್ನಾಗಿದೆ ಅನ್ನಿಸಿದರೆ ಅಂಚೆಯವರು ತಡೆಹಿಡಿಯುತ್ತಾರೆ.

ಹಾಗಾಗಿ ಕೊನೆ ಹೇಗಾಯಿತು? ಒಬ್ಬಳಿಗೆ ತಾನು ಅವಳನ್ನು ಪ್ರೀತಿಸಿಯೇ ಇರಲಿಲ್ಲ ಅಂತ ಜ್ಞಾನೋದಯ. ಇನ್ನೊಬ್ಬಳಿಗೆ ಹುಚ್ಚು ಹಿಡಿದು ಆಸ್ಪತ್ರೆ. ಹತ್ತು ಲಕ್ಷಕ್ಕೂ ಜಾಸ್ತಿ ಪ್ರತಿ ಖರ್ಚಾದವು. ಇಲ್ಲಿ ಹುಚ್ಚು ಅನ್ನುವುದು ಕಾಯಿಲೆ ಅಲ್ಲ, ಸುಂಕ. ಕಟ್ಟಿದರೆ ಗೇಟು ತೆಗೆಯುತ್ತಾರೆ.

ಫಾರ್ಸ್ಟರ್ ಇನ್ನೊಂದು ದಾರಿ ಹಿಡಿದರು. 'ಮಾರಿಸ್' ಬರೆದದ್ದು 1913-14ರಲ್ಲಿ. ಇಬ್ಬರು ಗಂಡಸರು ಕೊನೆಗೆ ಒಟ್ಟಿಗೆ ಬದುಕುತ್ತಾರೆ. ಸುಖಾಂತ್ಯ ಇರಲೇಬೇಕು ಅಂತ ಹಟ. ದುರಂತದಲ್ಲಿ ಮುಗಿಸಿದ್ದರೆ ಎಲ್ಲ ಸರಿಹೋಗುತ್ತಿತ್ತು ಅಂತ ಅವರೇ ಬರೆದಿದ್ದಾರೆ. ಹಟ ಬಿಡಲಿಲ್ಲ, ಪುಸ್ತಕ ಪೆಟ್ಟಿಗೆಯಲ್ಲೇ ಉಳಿಯಿತು. ಅಚ್ಚಾದದ್ದು 1971ರಲ್ಲಿ, ಅವರು ತೀರಿಕೊಂಡ ಮರುವರ್ಷ. ಇದು ಯಾವ ಬ್ಯಾನ್ ಪಟ್ಟಿಯಲ್ಲೂ ಬರುವುದಿಲ್ಲ ನೋಡಿ.

ಸ್ವಂತದ್ದೂ ಒಂದು ಹೇಳಿಬಿಡುತ್ತೇನೆ. ನನ್ನ ಒಂದು ಕಥೆಯಲ್ಲಿ ಹುಡುಗ ಖಿನ್ನತೆಯಿಂದ ಚೇತರಿಸಿಕೊಂಡು ತನ್ನ ಗೆಳೆಯನ ಮನೆಗೆ ಹೋಗುತ್ತಾನೆ. ಪತ್ರಿಕೆಯವರು ತುಂಬಾ ಪ್ರೀತಿಯಿಂದಲೇ ಫೋನ್ ಮಾಡಿದರು. "ಕಥೆ ಚೆನ್ನಾಗಿದೆ. ಚೇತರಿಸಿಕೊಂಡ ಅಂದಮೇಲೆ ಗೆಳೆಯನ ಮನೆ ಯಾಕೆ? ಸುಮ್ನೆ ಅವನ ಮನೆಗೇ ಕಳಿಸಿ." ಅವರ ತಲೆಯಲ್ಲಿ ವಾಸಿ ಆಗುವುದು ಅಂದರೆ ಖಿನ್ನತೆ, ಗೆಳೆಯನ ಮೇಲಿನ ಪ್ರೀತಿ ಎರಡೂ ವಾಸಿ ಆಗಬೇಕು! ನಾನು ಬದಲಾಯಿಸಲಿಲ್ಲ. ಕಥೆ ಇನ್ನೂ ನನ್ನ ಹತ್ತಿರವೇ ಇದೆ.

ಕಪ್ಪು ಕೋಟು:

ಆ ಪತ್ರಿಕೆಯವರನ್ನು ಪೂರ್ತಿ ಬೈಯಲೂ ಆಗುವುದಿಲ್ಲ. ಬಹಳ ಕಾಲ ಎರಡಕ್ಕೂ ಒಂದೇ ಫೈಲು. ಸಲಿಂಗ ಪ್ರೀತಿಯನ್ನು ಅಮೆರಿಕದ ಮನೋವೈದ್ಯರ ಸಂಘ ರೋಗಗಳ ಪಟ್ಟಿಯಿಂದ ತೆಗೆದಿದ್ದು 1973ರಲ್ಲಿ, ವಿಶ್ವ ಆರೋಗ್ಯ ಸಂಸ್ಥೆ 1990ರಲ್ಲಿ. ನಮ್ಮ 2017ರ ಮಾನಸಿಕ ಆರೋಗ್ಯ ಕಾಯಿದೆಯಲ್ಲಿ ಒಂದು ಒಳ್ಳೆ ಮಾತಿದೆ. ಸಮಾಜದ ನೀತಿ, ನಂಬಿಕೆಗೆ ಹೊಂದುವುದಿಲ್ಲ ಅನ್ನುವ ಕಾರಣಕ್ಕೆ ಯಾರನ್ನೂ ಮನೋರೋಗಿ ಅನ್ನುವಂತಿಲ್ಲ. 2018ರ ಸೆಪ್ಟೆಂಬರಿನಲ್ಲಿ, ಸಲಿಂಗ ಸಂಬಂಧವನ್ನು ಅಪರಾಧ ಅನ್ನುತ್ತಿದ್ದ 377ನೇ ಸೆಕ್ಷನ್ ಬಗ್ಗೆ ಸುಪ್ರೀಂ ಕೋರ್ಟು ತೀರ್ಪು ಕೊಟ್ಟಾಗ ಈ ಕಾಯಿದೆಯನ್ನೂ ನೆನೆಯಿತು.

ಈಗ ಹಾಳೆ ಮಡಚುವವರ ಆ ಸಾಲಿಗೆ ಬನ್ನಿ. 'ಅದು ಕಾಯಿಲೆ ಅಲ್ಲ.' ಡಾಕ್ಟರ ಪುಸ್ತಕ, ಪೊಲೀಸರ ಪುಸ್ತಕ, ಮನೆಯ ಹಿರಿಯರು ಮೂವರೂ ಕಾಯಿಲೆ ಇಲ್ಲವೇ ಅಪರಾಧ ಅನ್ನುತ್ತಿದ್ದ ಕಾಲದಲ್ಲಿ ಒಂದು ಪಾತ್ರ ಬಾಯಿ ಬಿಟ್ಟು ಅಲ್ಲ ಅಂದಿತು. ಬಟ್ಟೆ ಬಿಚ್ಚುವುದಕ್ಕಿಂತ ಇದು ದೊಡ್ಡ ಉದ್ಧಟತನ.

ಇಬ್ಬರ ತಾಯಿ:

ಎಲ್ಲರೂ ಒಂದೇ ಕಡೆ ಮಾತಾಡುತ್ತಿದ್ದೀರಿ, ನಾನು ಸ್ವಲ್ಪ ತಕರಾರು ತೆಗೆಯುತ್ತೇನೆ. ಬ್ಯಾನ್ ಬೇಕು ಅಂತಲ್ಲ. ನನ್ನ ಮಗಳಿಗೆ 14. ಹೋದ ವರ್ಷ ಅವಳು ತುಂಬಾ ಕುಗ್ಗಿಹೋಗಿದ್ದಳು. ರಾತ್ರಿ ಅವಳ ಕೋಣೆಯ ಬಾಗಿಲ ಹೊರಗೆ ನಿಂತು ಉಸಿರಾಟ ಕೇಳಿಸಿಕೊಂಡಿದ್ದೇನೆ. ಆ ದಿನಗಳಲ್ಲಿ ಅವಳ ದಿಂಬಿನ ಪಕ್ಕ ಆತ್ಮಹತ್ಯೆಯ ಬಗ್ಗೆ ಒಂದು ಕಾದಂಬರಿ ಸಿಕ್ಕಿತು. ನಾನು ಎತ್ತಿಟ್ಟೆ. ಆಗ ನಾನೂ ಗೋಂದು ಹಚ್ಚಿದವಳೇ ಆದೆನಾ? 1868ರ ಜಡ್ಜನ್ನು ನಗುವುದು ಸುಲಭ. ಕೆಲವು ಮನಸ್ಸು ಕೆಲವು ದಿನ ನಿಜವಾಗಿಯೂ ದುರ್ಬಲ ಇರುತ್ತವೆ.

ವಾರ್ಡಿನವಳು:

ಇಬ್ಬರ ತಾಯಿ ಅವರೇ, ಮಗಳು ಈಗ ಹೇಗಿದ್ದಾಳೆ? ಮೊದಲು ಅದು ಹೇಳಿ. ನಾನು ಮಾನಸಿಕ ವಾರ್ಡಿನಲ್ಲಿ ಹಲವು ವರ್ಷ ನರ್ಸ್ ಆಗಿದ್ದವಳು. ನೀವು ಮಾಡಿದ್ದು ಬ್ಯಾನ್ ಅಲ್ಲ. ನಿಮಗೆ ಅವಳು ಗೊತ್ತು, ಅವತ್ತಿನ ರಾತ್ರಿ ಗೊತ್ತು. ಬ್ಯಾನ್ ಮಾಡುವವರಿಗೆ ಯಾರೂ ಗೊತ್ತಿರುವುದಿಲ್ಲ.

ನಿಮ್ಮ ಭಯ ಹಳೆಯದು, ಪೊಳ್ಳೂ ಅಲ್ಲ. 1774ರಲ್ಲಿ ಗಯಟೆ ಬರೆದ ಪತ್ರರೂಪದ ಕಾದಂಬರಿಯಲ್ಲಿ ವೆರ್ಥರ್ ಅನ್ನುವ ಹುಡುಗ ಕೊನೆಗೆ ಆತ್ಮಹತ್ಯೆ ಮಾಡಿಕೊಳ್ಳುತ್ತಾನೆ. ಓದಿದ ಹುಡುಗರು ಅವನಂತೆ ನೀಲಿ ಕೋಟು, ಹಳದಿ ವೇಸ್ಟ್‌ಕೋಟು ಹಾಕತೊಡಗಿದರು. ಅವನ ದಾರಿ ಹಿಡಿಯುತ್ತಾರೆ ಅಂತ ಹೆದರಿ ಲೈಪ್‌ಜಿಗ್ ಊರಿನವರು 1775ರಲ್ಲಿ ಪುಸ್ತಕದ ಜೊತೆ ಆ ವೇಷವನ್ನೂ ನಿಷೇಧಿಸಿದರು. ಕೋಟಿಗೂ ಬ್ಯಾನ್! ಒಂದು ಆತ್ಮಹತ್ಯೆಯ ವಿಷಯ ಓದಿ ಬೇರೆಯವರೂ ಅದೇ ದಾರಿ ಹಿಡಿಯುವುದಕ್ಕೆ 1974ರಲ್ಲಿ ಡೇವಿಡ್ ಫಿಲಿಪ್ಸ್ ಅನ್ನುವ ಸಂಶೋಧಕರು 'ವೆರ್ಥರ್ ಎಫೆಕ್ಟ್' ಅನ್ನುವ ಹೆಸರು ಕೊಟ್ಟರು. ಆದರೆ ಅವರು ನೋಡಿದ್ದು ಕಾದಂಬರಿ ಅಲ್ಲ, ಪತ್ರಿಕೆಯ ಮುಖಪುಟದ ಸುದ್ದಿ. ಸುದ್ದಿ ಹೇಗೆ ಬರೆಯಬೇಕು ಅನ್ನುವುದಕ್ಕೆ ವಿಶ್ವ ಆರೋಗ್ಯ ಸಂಸ್ಥೆಯ ಸೂಚನೆಗಳೇ ಇವೆ. ವಿಧಾನ ವಿವರಿಸಬೇಡಿ, ವೈಭವ ಮಾಡಬೇಡಿ, ಸಹಾಯ ಎಲ್ಲಿ ಸಿಗುತ್ತದೆ ಹೇಳಿ. ಮಾತೇ ಆಡಬೇಡಿ ಅಂತ ಅದರಲ್ಲಿ ಇಲ್ಲ. 2010ರಲ್ಲಿ ಆಸ್ಟ್ರಿಯಾದ ಸಂಶೋಧಕರು ಇದರ ಇನ್ನೊಂದು ಮುಖ ತೋರಿಸಿದರು. ಕಷ್ಟದಲ್ಲಿದ್ದವರು ದಾಟಿ ಬಂದ ಸುದ್ದಿಗಳು ಬಂದ ಕಡೆ ಪರಿಣಾಮ ಒಳ್ಳೆಯದರ ಕಡೆ ವಾಲಿತ್ತು. ಇದಕ್ಕೆ ಪಪಗೇನೊ ಎಫೆಕ್ಟ್ ಅನ್ನುತ್ತಾರೆ; ಪಪಗೇನೊ ಅಂದರೆ ಮೊಜಾರ್ಟನ ಒಪೆರಾದಲ್ಲಿ ಸಾಯಲು ಹೊರಟು, ಬೇರೆಯವರ ಮಾತಿನಿಂದ ಉಳಿದುಕೊಂಡ ಪಾತ್ರ.

ಈಗ ಕಥೆ ಬರೆಯುವವರು ಹೇಳಿದ್ದಕ್ಕೆ ಇದನ್ನು ಪಕ್ಕದಲ್ಲಿಟ್ಟು ನೋಡಿ. ಸೆನ್ಸಾರ್ ಮಾಡುವವರು ಬಿಟ್ಟದ್ದು ಪಾತ್ರ ಸಾಯುವ ಕಥೆಗಳನ್ನು, ತಡೆದದ್ದು ದಾಟಿ ಬದುಕುವ ಕಥೆಗಳನ್ನು. ಪೂರ್ತಿ ಉಲ್ಟಾ!

ಹಳೇಪುಸ್ತಕ:

ವಾರ್ಡಿನವರ ಮಾತಿಗೆ ಸೇರಿಸುವುದು ಒಂದಿದೆ. ಮನೋರೋಗದ ಕಾದಂಬರಿ ತೆಗೆಸಬೇಕು ಅನ್ನುವವರು ಬಾಯಲ್ಲಿ ಮನೋರೋಗ ಅನ್ನುವುದೇ ಕಡಿಮೆ. ಕೆನ್ ಕೀಸಿಯ 'ಒನ್ ಫ್ಲೂ ಓವರ್ ದಿ ಕುಕ್ಕೂಸ್ ನೆಸ್ಟ್' 1962ರದ್ದು. ಇಡೀ ಪುಸ್ತಕ ಮಾನಸಿಕ ಆಸ್ಪತ್ರೆಯೊಳಗೆ ನಡೆಯುತ್ತದೆ. ಯಾರು ಹುಚ್ಚರು, ಯಾರು ಅಧಿಕಾರದವರು ಅನ್ನುವುದೇ ಪ್ರಶ್ನೆ. 1974ರಲ್ಲಿ ಓಹಾಯೋದಲ್ಲಿ ಐದು ಜನ ಕೋರ್ಟಿಗೆ ಹೋದರು. ದೂರು ಏನು? ಅಶ್ಲೀಲ ಅಂತ. 1978ರಲ್ಲಿ ಐಡಾಹೋದ ಒಂದು ಶಾಲೆಯಲ್ಲಿ ಇದನ್ನು ಪಾಠ ಮಾಡಿದ ಮೇಷ್ಟ್ರ ಕೆಲಸವೇ ಹೋಯಿತು.

ಸಿಲ್ವಿಯಾ ಪ್ಲಾತ್ ಅವರ 'ದಿ ಬೆಲ್ ಜಾರ್' ಕೂಡ ಹಾಗೇ. ಕುಸಿದು ಬಿದ್ದ ಹುಡುಗಿ ಆಸ್ಪತ್ರೆಗೆ ಹೋಗಿ ಬರುವ ಕಥೆ. 1963ರಲ್ಲಿ ಬೇರೆ ಹೆಸರಿನಲ್ಲಿ ಬಂತು. ಎಪ್ಪತ್ತರ ದಶಕದಲ್ಲಿ ಇಂಡಿಯಾನಾದ ಒಂದು ಊರಿನ ಶಾಲೆಯಲ್ಲಿ ಅದನ್ನು ಪಾಠದಿಂದ ತೆಗೆದರು, ವಿದ್ಯಾರ್ಥಿನಿಯೊಬ್ಬಳು ಕೋರ್ಟಿಗೆ ಹೋದಳು. ಕಾದಂಬರಿಯ ಹುಡುಗಿ ಗರ್ಭನಿರೋಧಕ ಹಾಕಿಸಿಕೊಳ್ಳುವ ಭಾಗ ಇದೆಯಲ್ಲ, ಕಣ್ಣಿಗೆ ಬೀಳುವುದು ಅದು.

ಇದಕ್ಕೆ ನನಗೆ ತೋಚುವ ಕಾರಣ ತೀರಾ ಸಾದಾ. ದೂರಿನ ಅರ್ಜಿಯಲ್ಲಿ ಪುಟ ಸಂಖ್ಯೆ ಬರೆಯಬೇಕು. 'ಈ ಪುಸ್ತಕ ಓದಿದರೆ ಆಸ್ಪತ್ರೆ, ಮನೆ, ಮದುವೆ ಮೇಲೆ ನಂಬಿಕೆ ಹೋಗುತ್ತದೆ' ಅಂತ ಬರೆದರೆ ಯಾವ ಪುಟ ಅಂತ ಕೇಳುತ್ತಾರೆ. ಕೆಟ್ಟ ಮಾತು, ಹಾಸಿಗೆಯ ದೃಶ್ಯಕ್ಕಾದರೆ ಪುಟ, ಸಾಲು ಎಲ್ಲ ತೋರಿಸಬಹುದು. ಬೆರಳಿಡಲು ಜಾಗ ಸಿಗುತ್ತದೆ. ಉರಿ ಇರುವುದು ಮಾತ್ರ ಬೇರೆ ಕಡೆ.

ಅರ್ಧಕ್ಕೆ ಬಿಟ್ಟವನು:

ಬೆರಳಿಡಲು ಜಾಗವೇ ಸಿಗದಿದ್ದರೆ ಏನಾಗುತ್ತದೆ ಅನ್ನುವುದಕ್ಕೆ ಉರ್ದು ಲೇಖಕಿ ಇಸ್ಮತ್ ಚುಗ್ತಾಯಿ ಉದಾಹರಣೆ. ಅವರ 'ಲಿಹಾಫ್' (ಅಂದರೆ ಹೊದೆಯುವ ಕಂಬಳಿ) 1942ರ ಸಣ್ಣಕಥೆ, ಕಾದಂಬರಿ ಅಲ್ಲ. ಲಾಹೋರಿನ ಕೋರ್ಟಿನಲ್ಲಿ ಕೇಸು. ಕಂಬಳಿಯ ಕೆಳಗೆ ಏನು ನಡೆಯಿತು ಅಂತ ಕಥೆ ಎಲ್ಲೂ ಹೇಳುವುದಿಲ್ಲ, ನೋಡುತ್ತಿರುವುದು ಒಂದು ಸಣ್ಣ ಹುಡುಗಿ. ಸಾಕ್ಷಿಗಳಿಗೆ ಇಂಥ ಪದ ಅಶ್ಲೀಲ ಅಂತ ತೋರಿಸಲು ಆಗಲಿಲ್ಲ. ಕೇಸು ಬಿದ್ದುಹೋಯಿತು.

ಅವರ ಸಹಪ್ರಯಾಣಿಕ, ಉರ್ದು ಕಥೆಗಾರ ಮಂಟೋ. ಅವರ ಕಥೆಗಳ ಮೇಲೆ ಆರು ಸಲ ಕೇಸು. ಆಮೇಲೆ ಕುಡಿತ ಬಿಡಿಸಲು ಅವರನ್ನು ಲಾಹೋರಿನ ಹುಚ್ಚಾಸ್ಪತ್ರೆಗೆ ಸೇರಿಸಿದ್ದರು. ದೇಶವಿಭಜನೆಯ ಬಗ್ಗೆ ಅವರ ಅತಿ ದೊಡ್ಡ ಕಥೆ ನಡೆಯುವುದು ಹುಚ್ಚಾಸ್ಪತ್ರೆಯಲ್ಲೇ.

ಕಪ್ಪು ಕೋಟು:

ಬರೆದವನನ್ನೇ ಹುಚ್ಚ ಅಂದುಬಿಟ್ಟರೆ ಪುಸ್ತಕದ ತಂಟೆಯೇ ಇಲ್ಲ! ಸೋವಿಯತ್ ಒಕ್ಕೂಟದ ವಲೇರಿ ತಾರ್ಸಿಸ್ ವಿದೇಶಕ್ಕೆ ಹಸ್ತಪ್ರತಿ ಕಳಿಸಿದ್ದಕ್ಕೆ 1962ರಲ್ಲಿ ಮಾಸ್ಕೋದ ಮಾನಸಿಕ ಆಸ್ಪತ್ರೆಗೆ ಹಾಕಿದರು. ಹೊರಗೆ ಬಂದು ಅದರ ಮೇಲೇ 'ವಾರ್ಡ್ 7' ಬರೆದರು. 1966ರಲ್ಲಿ ಪೌರತ್ವವೂ ಹೋಯಿತು.

ನೇರಮಾತು:

ಸ್ವಲ್ಪ ತಣ್ಣಗಾಗಿ. ಇವತ್ತು ಬ್ಯಾನ್ ಅಂದರೆ ಪುಕ್ಕಟೆ ಜಾಹೀರಾತು. 1960ರಲ್ಲಿ ಲಂಡನ್ನಿನಲ್ಲಿ ಚಾಟರ್ಲಿ ಕೇಸು ಬಿದ್ದುಹೋದ ಮೇಲೆ ಮೊದಲ ದಿನವೇ 2 ಲಕ್ಷ ಪ್ರತಿ ಹೋದವು. ಸರ್ಕಾರಿ ವಕೀಲ ತೀರ್ಪುಗಾರರಿಗೆ "ನಿಮ್ಮ ಹೆಂಡತಿ, ಆಳುಕಾಳು ಇದನ್ನು ಓದಲಿ ಅಂತ ಇಷ್ಟಪಡುತ್ತೀರಾ" ಅಂತ ಕೇಳಿ ನಗೆಪಾಟಲಾದ. ಅಮೆರಿಕದ ಗ್ರಂಥಾಲಯ ಸಂಘದ ಲೆಕ್ಕದಲ್ಲಿ 2023ರಲ್ಲಿ 4,240 ಪುಸ್ತಕಗಳ ಮೇಲೆ ಆಕ್ಷೇಪ ಬಂದಿತ್ತು. ಅವೆಲ್ಲ ಅಂಗಡಿಯಲ್ಲಿ ಸಿಗುತ್ತವೆ. ಶಾಲೆಯ ಕಪಾಟಿನಿಂದ ತೆಗೆದರೆ ಬ್ಯಾನ್ ಹೇಗಾಗುತ್ತದೆ?

ಕಥೆ ಬರೆಯುವ ಹುಚ್ಚು:

ಅಂಗಡಿಯಲ್ಲಿ ಕೊಳ್ಳಲು ದುಡ್ಡು ಬೇಕು. ಮನೆಯವರು ನೋಡಿದರೆ ಏನು ಹೇಳುವುದು ಅನ್ನುವ ಧೈರ್ಯವೂ ಬೇಕು. ಶಾಲೆಯ ಲೈಬ್ರರಿಯಲ್ಲಿ ನಿಂತೇ ನಾಲ್ಕು ಪುಟ ಓದಿ ವಾಪಸ್ ಇಡಬಹುದು. ಆ ನಾಲ್ಕು ಪುಟ ಬೇಕಾದವನು ಅಂಗಡಿಗೆ ಹೋಗುವುದಿಲ್ಲ.

ಜಾಹೀರಾತಿನ ಮಾತು ಹೆಸರಾದವರಿಗೆ ಸರಿ. ತಮಿಳು ಕಾದಂಬರಿಕಾರ ಪೆರುಮಾಳ್ ಮುರುಗನ್ ಅವರದ್ದು ಮಕ್ಕಳಿಲ್ಲದ ದಂಪತಿಯ ಕಥೆ, ಅದರ ಮೇಲೆ ದೊಡ್ಡ ಗಲಾಟೆ ಎದ್ದಿತು. 2015ರ ಜನವರಿಯಲ್ಲಿ ಅವರು ಲೇಖಕ ಪೆರುಮಾಳ್ ಮುರುಗನ್ ಸತ್ತುಹೋದ ಅಂತ ಬರೆದುಬಿಟ್ಟರು. 2016ರ ಜುಲೈಯಲ್ಲಿ ಮದ್ರಾಸ್ ಹೈಕೋರ್ಟು ಬರೆಯಿರಿ ಅಂದ ಮೇಲೆ ಮತ್ತೆ ಶುರುಮಾಡಿದರು. ಅದು ಒಂದೂವರೆ ವರ್ಷ. ಯಾವ ಮಾರಾಟದ ಲೆಕ್ಕದಲ್ಲಿ ಅದನ್ನು ತೋರಿಸುತ್ತೀರಿ?

ನೇರಮಾತು:

ಮುರುಗನ್ ವಿಷಯ ಒಪ್ಪಿದೆ. ಶಾಲೆಯ ವಿಷಯ ಪೂರ್ತಿ ಒಪ್ಪಿಲ್ಲ. ಯಾವ ವಯಸ್ಸಿಗೆ ಏನು ಅಂತ ಯಾರಾದರೂ ಆರಿಸಲೇಬೇಕಲ್ಲ.

ಇಬ್ಬರ ತಾಯಿ:

ವಾರ್ಡಿನವರೇ, ಮಗಳು ಈಗ ಚೆನ್ನಾಗಿದ್ದಾಳೆ. ಕೇಳಿದ್ದಕ್ಕೆ ಖುಷಿಯಾಯಿತು. ಆ ಪುಸ್ತಕ ವಾಪಸ್ ಕೊಟ್ಟೆ, ನಾನೂ ಓದುತ್ತೇನೆ, ಮುಗಿದ ಮೇಲೆ ಮಾತಾಡೋಣ ಅಂದೆ. ಅವಳು ಕೇಳಿದ ಮೊದಲ ಪ್ರಶ್ನೆ, "ಅಮ್ಮಾ, ನೀನು ಕೊನೇ ಅಧ್ಯಾಯ ಮೊದಲು ಓದಿದೆ ಅಲ್ವಾ?" ಹೌದು, ಓದಿದ್ದೆ.

ಹಾಳೆ ಮಡಚುವವಳು:

ನಿಮ್ಮೆಲ್ಲರ ಮಾತು ಓದಿ ಮತ್ತೆ ಆ ಪುಸ್ತಕ ತೆಗೆದೆ. ಮೊದಲ ಸಲ ಗಮನಿಸಿರಲಿಲ್ಲ, ಕಿಟಕಿಯ ಬೆಳಕಿಗೆ ಹಿಡಿದಾಗ ಕಂಡಿತು. 'ಅದು ಕಾಯಿಲೆ ಅಲ್ಲ' ಅನ್ನುವ ಸಾಲಿನ ಕೆಳಗೆ ಪೆನ್ಸಿಲ್ ಗೆರೆ ಇದೆ. ತೀರಾ ತೆಳು. ಅಂದರೆ ಅಂಟಿಸುವ ಮುಂಚೆ ಯಾರೋ ಓದಿ ಗೆರೆ ಎಳೆದಿದ್ದಾರೆ. ಪುಸ್ತಕದಲ್ಲಿ ಬೇರೆಲ್ಲೂ ಗೆರೆ ಇಲ್ಲ.

ಇಷ್ಟು ದಿನ ಯಾರೋ ಲೈಬ್ರರಿಯವರು ಅಂಟಿಸಿದ್ದು ಅಂತಲೇ ಬೈಯುತ್ತಿದ್ದೆ. ಈಗ ಅನುಮಾನ. ಗೆರೆ ಎಳೆದವಳೇ, ಪುಸ್ತಕ ವಾಪಸ್ ಕೊಡುವ ಮುಂಚೆ, ಅದು ಯಾರ ಕಣ್ಣಿಗೂ ಬೀಳಬಾರದು ಅಂತ ಅಂಟಿಸಿದಳಾ?

ಇನ್ನೊಂದು ಜೋಡಿ, 116-117, ಇನ್ನೂ ಅಂಟಿಕೊಂಡೇ ಇದೆ. ಆವಿ ಹಿಡಿದರೆ ಶಾಯಿ ಮಸುಕಾಗುತ್ತಿದೆ. ಯಾರಿಗಾದರೂ ಬೇರೆ ಉಪಾಯ ಗೊತ್ತಾ?

ಹಳೇಪುಸ್ತಕ:

ಆವಿ ನಿಲ್ಲಿಸಿ ಮೇಡಂ. ಬ್ಲಾಟಿಂಗ್ ಪೇಪರ್ ಸ್ವಲ್ಪ ತೇವ ಮಾಡಿ ಅಂಟಿನ ಅಂಚಿಗೆ ಮಾತ್ರ ಇಡಿ, ಅಕ್ಷರಕ್ಕೆ ತಾಗದಂತೆ. ಹಳೇ ಗೋಂದು ನೀರಿಗೆ ಬಿಡುತ್ತದೆ. ಮೊಂಡು ಚಾಕು, ಹರಿತದ್ದು ಬೇಡ. ಒಂದೊಂದು ಬೆರಳಗಲ ಬಿಡಿಸಿ, ನಡುವೆ ಒಣ ಹಾಳೆ ಇಡಿ. ಅವಸರ ಮಾಡಬೇಡಿ, ಎರಡು ದಿನ ಹಿಡಿದರೂ ಹಿಡಿಯಲಿ. ಇನ್ನೊಂದು ಗೆರೆ ಇದ್ದರೆ ಅದು ಪೆನ್ಸಿಲ್ಲಿನದ್ದು, ಉಜ್ಜಬೇಡಿ.